ಹತ್ತು ವರ್ಷ ದಾಟಿದ ಕೇಮನ್ ಎಸ್: ಬೆಂಗಳೂರಿನ ದಟ್ಟಣೆಯಲ್ಲಿ ಓಡುವ ಪಿಡಿಕೆ ಗೇರ್‌ಬಾಕ್ಸ್‌ಗೆ ಆಯಿಲ್ ಬದಲಾವಣೆ ಯಾವಾಗ?

ಬಸವನಗುಡಿ_981

ಎಲ್ಲರಿಗೂ ನಮಸ್ಕಾರ. ನಾನು ಇತ್ತೀಚೆಗೆ 2014ರ ಮಾದರಿಯ ಪೋರ್ಷೆ ಕೇಮನ್ ಎಸ್ ಕಾರನ್ನು ಸೆಕೆಂಡ್ ಹ್ಯಾಂಡ್ ಆಗಿ ಕೊಂಡಿದ್ದೇನೆ. ಸೀಟಿನ ಬೆನ್ನಿಗೇ 3.4 ಲೀಟರಿನ ಆರು ಸಿಲಿಂಡರ್ ಎಂಜಿನ್, ಅದರ ಹಿಂದೆ ಏಳು ಗೇರಿನ ಪಿಡಿಕೆ, ಅಂದರೆ ಎರಡು ಕ್ಲಚ್‌ಗಳಿರುವ (ಡ್ಯುಯಲ್ ಕ್ಲಚ್) ಸ್ವಯಂಚಾಲಿತ ಗೇರ್‌ಬಾಕ್ಸ್. ಮೀಟರಿನಲ್ಲಿ 40,000 ಕಿಲೋಮೀಟರಿನ ಆಸುಪಾಸು ಇದೆ. ಹಿಂದಿನ ಮಾಲೀಕರು ಕಾರನ್ನು ಅಕ್ಕರೆಯಿಂದ ನೋಡಿಕೊಂಡಿದ್ದರೆಂಬುದಕ್ಕೆ ಸರ್ವೀಸ್ ಕಡತವೇ ಸಾಕ್ಷಿ. ಎಂಜಿನ್ ಆಯಿಲ್, ಬ್ರೇಕ್ ಆಯಿಲ್, ಸ್ಪಾರ್ಕ್ ಪ್ಲಗ್, ಟೈರ್, ಹೀಗೆ ಎಲ್ಲದರ ಬಿಲ್ಲುಗಳೂ ಅದರಲ್ಲಿವೆ. ಆದರೆ ಗೇರ್‌ಬಾಕ್ಸ್‌ನ ಆಯಿಲ್ ಬದಲಿಸಿದ್ದಕ್ಕೆ ಒಂದು ಚೀಟಿಯೂ ಇಲ್ಲ.

ಕಾರು ಒಟ್ಟಿನಲ್ಲಿ ಸೊಗಸಾಗಿ ಓಡುತ್ತದೆ. ಭಾನುವಾರ ಬೆಳಗ್ಗೆ ಬಳ್ಳಾರಿ ರಸ್ತೆಯಲ್ಲಿ ದೇವನಹಳ್ಳಿಯ ಕಡೆಗೆ ಹೋದರೆ ಗೇರ್ ಬದಲಾಗುವುದು ಗೊತ್ತೂ ಆಗುವುದಿಲ್ಲ. ತೊಂದರೆ ಕಾಣಿಸುವುದು ಎರಡೇ ಸಂದರ್ಭಗಳಲ್ಲಿ. ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಿಂದ ಕಡಿದಾದ ರ‍್ಯಾಂಪನ್ನು ರಿವರ್ಸ್‌ನಲ್ಲಿ ಹತ್ತಿಸುವಾಗ ಕಾರಿನ ಮೈಯಲ್ಲಿ ಸಣ್ಣ ನಡುಕವೊಂದು ಹಾದುಹೋಗುತ್ತದೆ. ಸಿಲ್ಕ್ ಬೋರ್ಡ್ ಕಡೆಯಿಂದ ಸಂಜೆಯ ದಟ್ಟಣೆಯಲ್ಲಿ ಬಹಳ ಹೊತ್ತು ತೆವಳಿಕೊಂಡು ಬಂದ ಮೇಲೆ, ಕಾರು ಇನ್ನೇನು ನಿಲ್ಲಬೇಕು ಎನ್ನುವಾಗ, ಎರಡರಿಂದ ಒಂದಕ್ಕೆ ಗೇರ್ ಇಳಿಯುವ ಕ್ಷಣದಲ್ಲಿ ಒಂದು ಸಣ್ಣ ತಳ್ಳು ಬರುತ್ತದೆ. ಎಚ್ಚರಿಕೆಯ ದೀಪವಾಗಲಿ ಸಂದೇಶವಾಗಲಿ ಈವರೆಗೆ ಬಂದಿಲ್ಲ.

ಒಂದು ಸರ್ವೀಸ್ ಸೆಂಟರಿನಲ್ಲಿ ವಿಚಾರಿಸಿದಾಗ, ಓಡಿದ ಕಿಲೋಮೀಟರ್ ಕಡಿಮೆಯಿರುವುದರಿಂದ ಗೇರ್‌ಬಾಕ್ಸನ್ನು ಮುಟ್ಟುವುದೇ ಬೇಡವೆಂದರು. ಬಡಾವಣೆಯ ಗ್ಯಾರೇಜೊಂದರಲ್ಲಿ ಕೂಡಲೇ ಫ್ಲಶ್ ಮಾಡಿಸಬೇಕೆಂದೂ, ಎಲ್ಲ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್‌ಗಳಿಗೆ ಹೊಂದುವ ಆಯಿಲ್ ತಮ್ಮಲ್ಲೇ ಇದೆಯೆಂದೂ ಹೇಳಿದರು. ಎರಡು ಮಾತುಗಳೂ ನನಗೆ ಸಮಾಧಾನ ತರಲಿಲ್ಲ. ಇಂಥ ಗೇರ್‌ಬಾಕ್ಸ್‌ಗೆ ಲೆಕ್ಕ ಹಿಡಿಯಬೇಕಾದದ್ದು ಕಿಲೋಮೀಟರನ್ನೋ ವರ್ಷವನ್ನೋ? ಬದಲಿಸುವುದಾದರೆ ಯಾವ ಯಾವ ಆಯಿಲ್, ಯಾವ ಕ್ರಮದಲ್ಲಿ? ನಾನು ಹೇಳಿದ ನಡುಕಕ್ಕೂ ತಳ್ಳಿಗೂ ಆಯಿಲ್ಲೇ ಕಾರಣವೇ, ಅಥವಾ ಬೇರೆ ಏನನ್ನಾದರೂ ಮೊದಲು ನೋಡಬೇಕೇ? ಕಾರನ್ನು ಮಾರುವ ಉದ್ದೇಶ ನನಗಿಲ್ಲ. ಇನ್ನೂ ಬಹಳ ಕಾಲ ಇಟ್ಟುಕೊಳ್ಳಬೇಕೆಂದೇ ಕೊಂಡಿದ್ದೇನೆ. ಅನುಭವವುಳ್ಳವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಆರ್‌ಎಸ್_ರಾಜಾಜಿನಗರ

ಅಭಿನಂದನೆಗಳು ಸರ್, ಒಳ್ಳೆಯ ಕಾರು. ನನ್ನದು ಪೋರ್ಷೆ ಅಲ್ಲ. 2017ರಲ್ಲಿ ನಮ್ಮಲ್ಲಿಗೆ ಬಂದ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 230. ಅದರಲ್ಲಿರುವುದು ಡಿಕ್ಯೂ250 ಎಂಬ ಆರು ಗೇರಿನ ಡಿಎಸ್‌ಜಿ, ಅಂದರೆ ಫೋಕ್ಸ್‌ವ್ಯಾಗನ್ ಸಮೂಹದ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್. ನಿಮ್ಮ ಪಿಡಿಕೆಯಂತೆಯೇ ಇದರಲ್ಲೂ ಎರಡು ಕ್ಲಚ್‌ಗಳು ಆಯಿಲ್‌ನಲ್ಲಿ ನೆನೆದುಕೊಂಡೇ ಕೆಲಸ ಮಾಡುತ್ತವೆ. ಆದ್ದರಿಂದ ನನ್ನ ಅನುಭವದ ಒಂದು ಭಾಗವಾದರೂ ನಿಮಗೆ ಉಪಯೋಗಕ್ಕೆ ಬರಬಹುದು.

ಡಿಕ್ಯೂ250ಗೆ ಆಯಿಲ್ ಮತ್ತು ಫಿಲ್ಟರ್ ಬದಲಿಸಲು ನಿಗದಿಯಾದ ಅವಧಿ 60,000 ಕಿಲೋಮೀಟರ್. ನನ್ನ ದಿನನಿತ್ಯದ ದಾರಿ ಹೊರವರ್ತುಲ ರಸ್ತೆಯಾದ್ದರಿಂದ ಅಷ್ಟು ದೂರ ಕಾಯುವುದು ತರವಲ್ಲವೆಂದು ಮೊದಲೇ ಬದಲಿಸಿದೆ. ಹೊರಗೆ ಬಂದ ಆಯಿಲ್ ಕಪ್ಪಾಗಿತ್ತು, ವಾಸನೆಯೂ ಬೇರೆಯಾಗಿತ್ತು. ಬದಲಿಸಿದ ಮೇಲೆ ನಿಧಾನಗತಿಯಲ್ಲಿ ಗೇರ್ ಇಳಿಯುವುದು ಸ್ಪಷ್ಟವಾಗಿ ಮೃದುವಾಯಿತು.

ನಾನು ಒತ್ತಿ ಹೇಳಬೇಕೆಂದಿರುವುದು ಮಟ್ಟದ ವಿಚಾರ. ಈ ಗೇರ್‌ಬಾಕ್ಸ್‌ಗೆ ಎಂಜಿನ್‌ಗೆ ಇರುವಂಥ ಅಳತೆ ಕಡ್ಡಿ ಇಲ್ಲ. ಕಾರನ್ನು ಸಮತಟ್ಟಾಗಿ ಮೇಲೆತ್ತಿ, ಎಂಜಿನ್ ಓಡುತ್ತಿರುವಾಗಲೇ, ಗೇರ್‌ಬಾಕ್ಸ್ ಆಯಿಲ್‌ನ ಉಷ್ಣತೆ 35ರಿಂದ 45 ಡಿಗ್ರಿಯ ನಡುವೆ ಇರುವಾಗ ಕೆಳಗಿನ ಪ್ಲಗ್ ತೆಗೆದು, ಒಳಗಿನ ಪ್ಲಾಸ್ಟಿಕ್ ಕೊಳವೆಯಿಂದ ಹೆಚ್ಚಾದ ಆಯಿಲ್ ತೊಟ್ಟಿಕ್ಕಿ ನಿಲ್ಲುವವರೆಗೆ ಕಾಯಬೇಕು. ಬಿಸಿಯಾದ ಆಯಿಲ್ ಹಿಗ್ಗುತ್ತದೆ. ಆದ್ದರಿಂದ ಅತಿ ಬಿಸಿಯಲ್ಲಿ ಅಳೆದರೆ ಒಳಗೆ ಉಳಿಯುವುದು ಕಡಿಮೆ, ತಣ್ಣಗಿರುವಾಗ ಅಳೆದರೆ ಉಳಿಯುವುದು ಹೆಚ್ಚು. ಸ್ಕ್ಯಾನರ್ ಜೋಡಿಸಿ ಉಷ್ಣತೆಯನ್ನು ಓದದೆ, ಬರಿಗೈಯಲ್ಲಿ ಮುಟ್ಟಿ ನೋಡಿ ಅಂದಾಜು ಮಾಡುವ ಕಡೆ ಈ ಕೆಲಸವನ್ನು ಮಾಡಿಸಲೇಬೇಡಿ.

ಒಂದು ವ್ಯತ್ಯಾಸವನ್ನು ಮರೆಯಬಾರದು. ನನ್ನ ಡಿಕ್ಯೂ250ರಲ್ಲಿ ಕ್ಲಚ್, ಗೇರುಗಳು, ಹೈಡ್ರಾಲಿಕ್ ಘಟಕ ಎಲ್ಲಕ್ಕೂ ಒಂದೇ ಆಯಿಲ್. ಪಿಡಿಕೆಯಲ್ಲಿ ಹಾಗಿಲ್ಲವೆಂದು ಓದಿದ್ದೇನೆ. ಅದನ್ನು ತಿಳಿದವರು ವಿವರಿಸಲಿ. ಇನ್ನೊಂದು ಅಭ್ಯಾಸದ ಮಾತು: ನಾನು ಪ್ರತಿಯೊಂದು ಸಿಗ್ನಲ್‌ನಲ್ಲೂ ನ್ಯೂಟ್ರಲ್‌ಗೆ ಹಾಕಿಬಿಡುತ್ತೇನೆ. ಕ್ಲಚ್‌ಗೆ ಅಷ್ಟು ವಿಶ್ರಾಂತಿಯಾದರೂ ಸಿಗಲಿ ಎಂಬುದು ನನ್ನ ಎಣಿಕೆ.

ಸ್ಪ್ಯಾನರ್_ಪೀಣ್ಯ

ನಾನು ಪೀಣ್ಯದ ಕಡೆ ಯುರೋಪಿನ ಕಾರುಗಳ ಗೇರ್‌ಬಾಕ್ಸ್ ಕೆಲಸವನ್ನೇ ಮುಖ್ಯವಾಗಿ ಮಾಡಿಕೊಂಡು ಬಂದವನು. ಬಸವನಗುಡಿಯ ಸರ್ ಕೇಳಿರುವ ಪ್ರಶ್ನೆಗಳಲ್ಲಿ ಕೊನೆಯದನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಜನ ಹಣ ಕಳೆದುಕೊಳ್ಳುವುದು ಅಲ್ಲಿಯೇ.

ರಿವರ್ಸ್‌ನಲ್ಲಿ ರ‍್ಯಾಂಪ್ ಹತ್ತುವಾಗ ನಡುಕ ಬಂದರೆ ಅದು ಕ್ಲಚ್ಚೇ ಎಂದು ತೀರ್ಮಾನಿಸಬೇಡಿ. ನಿಮ್ಮ ಕಾರಿನಲ್ಲಿ ಎಂಜಿನ್ ಮತ್ತು ಗೇರ್‌ಬಾಕ್ಸ್ ಎರಡೂ ಒಂದೇ ಘಟಕವಾಗಿ ಕೂಡಿಕೊಂಡು ರಬ್ಬರ್ ಮೌಂಟುಗಳ ಮೇಲೆ ಕುಳಿತಿವೆ. ಹತ್ತು ವರ್ಷ ದಾಟಿದ ರಬ್ಬರ್, ಕಾರು ಓಡಿದ್ದು ಕಡಿಮೆಯಾದರೂ, ಬಿಸಿಗೆ ಗಡುಸಾಗಿ ಬಿರುಕು ಬಿಟ್ಟಿರುತ್ತದೆ. ರಿವರ್ಸ್‌ನಲ್ಲಿ ಬಲ ಬೀಳುವ ದಿಕ್ಕು ತಿರುವುಮುರುವಾಗುವುದರಿಂದ, ಮುಂದೆ ಹೋಗುವಾಗ ಅಡಗಿದ್ದ ಸಡಿಲವು ಆಗ ಹೊರಬೀಳುತ್ತದೆ. ಸ್ಪೋರ್ಟ್ ಕ್ರೊನೊ ಪ್ಯಾಕೇಜ್ ಇರುವ ಕಾರಾದರೆ ಗೇರ್‌ಬಾಕ್ಸ್ ಮೌಂಟುಗಳು ಸಾದಾ ರಬ್ಬರಿನವಲ್ಲ. ಓಡಿಸುವ ರೀತಿಗೆ ತಕ್ಕಂತೆ ತಮ್ಮ ಬಿಗಿತವನ್ನು ಬದಲಿಸಿಕೊಳ್ಳುವಂಥವು. ಅವುಗಳನ್ನು ಪರೀಕ್ಷಿಸುವ ಕ್ರಮವೂ ಬೇರೆ, ಬೆಲೆಯೂ ಬೇರೆ. ಆಯಿಲ್ ಬದಲಿಸುವ ಮೊದಲು ಮೌಂಟುಗಳನ್ನು ನೋಡಿಸಿ.

ಎರಡನೆಯದಾಗಿ ಬ್ಯಾಟರಿ. ಭಾನುವಾರಕ್ಕೊಮ್ಮೆ ಹೊರಬರುವ ಕಾರುಗಳಲ್ಲಿ ಬ್ಯಾಟರಿಯ ವೋಲ್ಟೇಜ್ ಕುಸಿದು, ಗೇರ್‌ಬಾಕ್ಸ್‌ನ ನಿಯಂತ್ರಣ ಘಟಕ ಸಲ್ಲದ ದೋಷಗಳನ್ನು ದಾಖಲಿಸಿಕೊಳ್ಳುವುದನ್ನು ನಾನು ಪದೇಪದೇ ಕಂಡಿದ್ದೇನೆ. ಆದ್ದರಿಂದ ಬ್ಯಾಟರಿ ಚೆನ್ನಾಗಿದೆ ಎಂದು ಖಚಿತವಾದ ಮೇಲೆಯೇ ಸ್ಕ್ಯಾನ್ ಮಾಡಿಸಿ, ದೋಷಗಳ ಪಟ್ಟಿಯನ್ನೂ ಎರಡೂ ಕ್ಲಚ್‌ಗಳ ಹೊಂದಾಣಿಕೆಯ ಅಂಕಿಗಳನ್ನೂ (ಪ್ರತಿ ಕ್ಲಚ್ ಎಲ್ಲಿ ಹಿಡಿಯುತ್ತದೆಂದು ನಿಯಂತ್ರಣ ಘಟಕ ಕಲಿತಿಟ್ಟುಕೊಂಡ ಲೆಕ್ಕ) ಮುದ್ರಿಸಿಕೊಳ್ಳಿ. ಒಂದು ಕ್ಲಚ್ 1, 3, 5, 7 ಮತ್ತು ರಿವರ್ಸ್ ಗೇರುಗಳನ್ನು ನೋಡಿಕೊಳ್ಳುತ್ತದೆ, ಇನ್ನೊಂದು 2, 4, 6ನ್ನು. ನಮ್ಮ ಊರಿನಲ್ಲಿ ನಿಂತ ಜಾಗದಿಂದ ಹೊರಡುವುದು, ರಿವರ್ಸ್ ತೆಗೆಯುವುದು, ತೆವಳುವುದು ಬಹುಪಾಲು ಮೊದಲನೆಯ ಕ್ಲಚ್ಚಿನ ಪಾಲಿಗೇ ಬೀಳುತ್ತದೆ. ಹಾಗಾಗಿ ಎರಡರ ಅಂಕಿಗಳ ನಡುವೆ ಅಂತರವಿದ್ದರೆ ಅದು ಕಾರು ಹೆದ್ದಾರಿಯಲ್ಲಿ ಬಾಳಿತೋ ದಟ್ಟಣೆಯಲ್ಲಿ ಸವೆಯಿತೋ ಎಂಬುದನ್ನು ಮೀಟರಿಗಿಂತ ಚೆನ್ನಾಗಿ ಹೇಳುತ್ತದೆ.

ಈಗ ಆಯಿಲ್. ಪಿಡಿಕೆಯಲ್ಲಿ ಎರಡು ಪ್ರತ್ಯೇಕ ಆಯಿಲ್‌ಗಳಿವೆ. ಒಂದು, ಕ್ಲಚ್‌ಗಳನ್ನು ತಂಪಾಗಿಡುವ, ಹೈಡ್ರಾಲಿಕ್ ಒತ್ತಡವನ್ನು ಹೊರುವ ತೆಳುವಾದ ಆಯಿಲ್. ಇನ್ನೊಂದು, ಗೇರುಗಳ ಹಲ್ಲುಗಳನ್ನೂ ಡಿಫರೆನ್ಷಿಯಲ್ಲನ್ನೂ ಕಾಯುವ ಮಂದವಾದ ಗೇರ್ ಆಯಿಲ್. ಇವೆರಡೂ ಬೆರೆಯಬಾರದು, ಒಂದರ ಜಾಗಕ್ಕೆ ಇನ್ನೊಂದನ್ನು ಸುರಿಯುವುದಂತೂ ಗೇರ್‌ಬಾಕ್ಸ್‌ಗೆ ವಿಷವಿಕ್ಕಿದ ಹಾಗೆಯೇ ಸರಿ. ಕ್ಲಚ್ ಆಯಿಲ್‌ನ ಅವಧಿ ಚಿಕ್ಕದು, ಗೇರ್ ಆಯಿಲ್‌ನದು ದೊಡ್ಡದು. ಎರಡಕ್ಕೂ ಪೋರ್ಷೆಯ ನಿರ್ವಹಣಾ ಪುಸ್ತಕ ದೂರವನ್ನೂ ಹೇಳುತ್ತದೆ, ವರ್ಷವನ್ನೂ ಹೇಳುತ್ತದೆ. ಯಾವುದು ಮೊದಲು ಬರುತ್ತದೋ ಅದೇ ಲೆಕ್ಕ. ಕಿಲೋಮೀಟರ್ ಕಡಿಮೆಯೆಂದು ನಿಮಗೆ ಬೇಡವೆಂದವರು ಆ ಸಾಲಿನ ಉತ್ತರಾರ್ಧವನ್ನು ಬಿಟ್ಟಿದ್ದಾರೆ. ನಿಮ್ಮ ಕಾರಿಗೆ ವರ್ಷಗಳು ಸಂದಿವೆ, ಹಾಕಿದ್ದಕ್ಕೆ ದಾಖಲೆಯಿಲ್ಲ. ಕ್ಲಚ್ ಆಯಿಲ್ಲನ್ನು ಈಗಲೇ ಬದಲಿಸಿ. ಕಾರನ್ನು ಇಟ್ಟುಕೊಳ್ಳುವ ಮನಸ್ಸಿರುವುದರಿಂದ, ಹೇಗೂ ಕೆಳಗಿನ ಮುಚ್ಚಳಗಳನ್ನೆಲ್ಲ ಬಿಚ್ಚುವಾಗ ಗೇರ್ ಆಯಿಲ್ಲನ್ನೂ ಅದರೊಡನೆ ಮುಗಿಸಿಬಿಡಿ ಎಂದೇ ನಾನು ಹೇಳುತ್ತೇನೆ.

ಫ್ಲಶ್ ಎಂಬ ಮಾತಿಗೆ ಇಲ್ಲಿ ಅರ್ಥವಿಲ್ಲ. ಟಾರ್ಕ್ ಕನ್ವರ್ಟರ್ (ಕ್ಲಚ್ಚಿನ ಬದಲು ಆಯಿಲ್ಲಿನ ಮೂಲಕ ಬಲ ದಾಟಿಸುವ ಭಾಗ) ಇರುವ ಸಾಂಪ್ರದಾಯಿಕ ಆಟೋಮ್ಯಾಟಿಕ್‌ಗಳಲ್ಲಿ, ಪ್ಲಗ್ ಬಿಚ್ಚಿದರೂ ಕನ್ವರ್ಟರಿನೊಳಗೆ ಸಾಕಷ್ಟು ಹಳೆಯ ಆಯಿಲ್ ಉಳಿದುಬಿಡುತ್ತದೆಂದು ಯಂತ್ರದಿಂದ ತಳ್ಳಿಸುವ ಪದ್ಧತಿ ಬಂತು. ಪಿಡಿಕೆಯಲ್ಲಿ ಕನ್ವರ್ಟರೇ ಇಲ್ಲ. ಇಳಿಸಿ ತುಂಬುವುದು ಸಾಕು. ಆದರೆ ತುಂಬುವುದು ಸರಿಯಾಗಿ ಆಗಬೇಕು. ಆರ್‌ಎಸ್ ಅವರು ಉಷ್ಣತೆಯ ಬಗ್ಗೆ ಬರೆದ ಒಂದೊಂದು ಮಾತೂ ಇಲ್ಲಿಗೂ ಸಲ್ಲುತ್ತದೆ. ಕಾರು ನಾಲ್ಕು ಮೂಲೆಯಲ್ಲೂ ಸಮತಟ್ಟಾಗಿರಬೇಕು, ಕಂಪನಿಯ ಸ್ಕ್ಯಾನರ್ ಅಥವಾ ಅದಕ್ಕೆ ಸರಿಸಮನಾದದ್ದು ಜೋಡಿಸಿರಬೇಕು, ಗೇರ್‌ಬಾಕ್ಸನ್ನು ಆಯಿಲ್ ತುಂಬುವ ಸ್ಥಿತಿಗೆ ತಂದು, ಪುಸ್ತಕ ಹೇಳುವ ಉಷ್ಣತೆಯೊಳಗೇ ಮಟ್ಟವನ್ನು ಮುಗಿಸಬೇಕು. ಪ್ಲಗ್ಗುಗಳೂ ಅವುಗಳ ಸೀಲುಗಳೂ ಹೊಸವಾಗಿರಲಿ. ಕೊನೆಯಲ್ಲಿ ಕ್ಲಚ್ ಹೊಂದಾಣಿಕೆಯನ್ನು ಮತ್ತೆ ಮಾಡಿಸಬೇಕು. ಇದನ್ನು ಬಿಟ್ಟರೆ ಹೊಸ ಆಯಿಲ್ ಹಾಕಿದ ಮೇಲೂ ಆ ಎರಡರಿಂದ ಒಂದರ ತಳ್ಳು ಹಾಗೆಯೇ ಉಳಿಯಬಹುದು.

ಎಲ್ಲದಕ್ಕೂ ಹೊಂದುವ ಆಯಿಲ್ಲನ್ನು ಮುಟ್ಟಬೇಡಿ. ಕಾರಿನ ಚಾಸಿ ನಂಬರ್ ಕೊಟ್ಟು, ಅದಕ್ಕೆ ಸೂಚಿಸಿದ ಪಾರ್ಟ್ ನಂಬರಿನ ಆಯಿಲ್ಲನ್ನೇ, ಬಿಲ್ಲಿನೊಡನೆ, ಸೀಲು ಒಡೆಯದ ಡಬ್ಬಿಯಲ್ಲಿ ತರಿಸಿ. ಜೆ.ಸಿ. ರಸ್ತೆಯಲ್ಲಿ ನಮಗೆ ಬೇಕಾದ ಎಷ್ಟೋ ಬಿಡಿಭಾಗಗಳು ಸಿಗುತ್ತವೆ, ನಾನೂ ಅಲ್ಲಿಗೇ ಹೋಗುವವನು. ಆದರೆ ಈ ಆಯಿಲ್ಲಿನ ವಿಷಯದಲ್ಲಿ ಬಿಡಿಯಾಗಿ ಅಳೆದು ಕೊಡುವುದನ್ನು ಯಾರ ಬಳಿಯೂ ಕೊಳ್ಳಬಾರದು.

ಕೊನೆಗೊಂದು ಮಾತು, ಹೆದರಿಸಲು ಅಲ್ಲ. ಪಿಡಿಕೆಯ ಒಳಗೆ ಗೇರ್ ಬದಲಿಸುವ ಕಡ್ಡಿಗಳ ಸ್ಥಾನವನ್ನು ಓದುವ ಒಂದು ಸೆನ್ಸರ್ ಇದೆ. ಅದು ಕೆಟ್ಟರೆ ಗೇರ್‌ಬಾಕ್ಸ್ ದೋಷದ ಸಂದೇಶ ಬಂದು ಕೆಲವು ಗೇರುಗಳು, ಹಲವು ಬಾರಿ ರಿವರ್ಸ್, ಸಿಗದೆ ಹೋಗುತ್ತವೆ. ಹಿಂದೆ ಇದಕ್ಕೆ ಇಡೀ ಗೇರ್‌ಬಾಕ್ಸ್ ಬದಲಿಸುವುದೊಂದೇ ದಾರಿಯೆಂದು ಹೇಳುತ್ತಿದ್ದ ಕಾಲವಿತ್ತು. ಈಗ ಸೆನ್ಸರನ್ನಷ್ಟೇ ಬದಲಿಸಿ ಸರಿಪಡಿಸಬಹುದು. ನೀವು ಹೇಳಿದ ಲಕ್ಷಣಗಳು ಅದರವಲ್ಲ. ಮುಂದೆಂದಾದರೂ ಯಾರಾದರೂ ಗೇರ್‌ಬಾಕ್ಸೇ ಹೋಯಿತೆಂದು ಹೇಳಿದರೆ, ಒಪ್ಪುವ ಮೊದಲು ಯಾವ ದೋಷದ ಸಂಖ್ಯೆ ಬಂದಿದೆಯೆಂದು ಬರೆಸಿಕೊಳ್ಳಿ.

ಸ್ನಿಗ್ಧತೆ

ಪೀಣ್ಯದವರು ಹೇಳಿದ್ದಕ್ಕೆ ಕಾರಣದ ಭಾಗವನ್ನು ನಾನು ಸೇರಿಸುತ್ತೇನೆ. ಕೀಲೆಣ್ಣೆಗಳ ಪರೀಕ್ಷೆಯೇ ನನ್ನ ವೃತ್ತಿ.

ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ, ಹವೆ ತಂಪು, ಹಾಗಾಗಿ ಇಲ್ಲಿ ಆಯಿಲ್ ಹೆಚ್ಚು ಬಾಳುತ್ತದೆ ಎಂಬ ವಾದವನ್ನು ಬಹಳ ಮಂದಿಯಿಂದ ಕೇಳಿದ್ದೇನೆ. ಗೇರ್‌ಬಾಕ್ಸಿನ ಮಟ್ಟಿಗೆ ಇದು ನಿಲ್ಲುವ ವಾದವಲ್ಲ, ಏಕೆಂದರೆ ಅದನ್ನು ಬಿಸಿ ಮಾಡುವುದು ಹೊರಗಿನ ಗಾಳಿಯಲ್ಲ, ಜಾರುವ ಕ್ಲಚ್. ಮೊದಲ ಗೇರಿನಲ್ಲಿ, ಎಂಜಿನ್ ಐಡಲ್‌ನಲ್ಲಿರುವಾಗ, ಕ್ಲಚ್ ಪೂರ್ತಿ ಕೂಡಿಕೊಂಡರೆ ಇಂಥ ಕಾರು ಗಂಟೆಗೆ ಸುಮಾರು 7 ಕಿಲೋಮೀಟರ್ ವೇಗದಲ್ಲಿ ಚಲಿಸುತ್ತದೆ. ಅದಕ್ಕಿಂತ ನಿಧಾನವಾಗಿ ಹೋಗಬೇಕಾದರೆ ಕ್ಲಚ್ ಜಾರಲೇಬೇಕು; ಬೇರೆ ದಾರಿಯಿಲ್ಲ. 30 ನ್ಯೂಟನ್ ಮೀಟರ್ ತಿರುಚುಬಲವನ್ನು ದಾಟಿಸುತ್ತ ಕ್ಲಚ್ಚಿನ ಎರಡು ಬದಿಗಳ ನಡುವೆ ನಿಮಿಷಕ್ಕೆ 500 ಸುತ್ತುಗಳ ವ್ಯತ್ಯಾಸವಿದ್ದರೆ, ಅಲ್ಲಿ ಹುಟ್ಟುವ ಶಾಖ ಸುಮಾರು 1.6 ಕಿಲೋವ್ಯಾಟ್. ನಮ್ಮ ಸ್ನಾನದ ಮನೆಯ ಗೀಸರ್ 2 ಕಿಲೋವ್ಯಾಟಿನದಾಗಿರುತ್ತದೆ ಎಂಬುದನ್ನು ನೆನೆದರೆ, ಕೆಲವೇ ಲೀಟರ್ ಆಯಿಲ್ ಹೆಬ್ಬಾಳದ ಮೇಲ್ಸೇತುವೆಯ ಏರಿನಲ್ಲಿ ಅರ್ಧ ಗಂಟೆ ಏನನ್ನು ಸಹಿಸುತ್ತದೆ ಎಂಬುದು ಅರಿವಾಗುತ್ತದೆ. ಹೆದ್ದಾರಿಯಲ್ಲಿ ಗಂಟೆಗೆ 100 ಕಿಲೋಮೀಟರಿನಲ್ಲಿ ಓಡುವಾಗ ಕ್ಲಚ್ ಜಾರುವುದೇ ಇಲ್ಲ. ಮೀಟರ್ ಎಣಿಸುವುದು ಚಕ್ರದ ಸುತ್ತುಗಳನ್ನು. ಕ್ಲಚ್ ಆಯಿಲ್ ಎಣಿಸುವುದು ಜಾರಿದ ಹೊತ್ತನ್ನು. ಮಂದಗತಿಯ ಊರಿನಲ್ಲಿ ಈ ಎರಡು ಲೆಕ್ಕಗಳು ಒಂದಕ್ಕೊಂದು ಬಹಳ ದೂರ ಸರಿಯುತ್ತವೆ.

ಉಷ್ಣತೆ 10 ಡಿಗ್ರಿ ಏರಿದಂತೆಲ್ಲ ಆಯಿಲ್ ಆಕ್ಸಿಡೀಕರಣಗೊಳ್ಳುವ ವೇಗ ಸುಮಾರು ಇಮ್ಮಡಿಯಾಗುತ್ತದೆ ಎಂಬುದು ನಮ್ಮ ಕ್ಷೇತ್ರದಲ್ಲಿ ಬಳಕೆಯಲ್ಲಿರುವ ಸ್ಥೂಲ ನಿಯಮ. ಆದರೆ ಈ ಆಯಿಲ್ಲಿನಲ್ಲಿ ಮೊದಲು ಸೋಲುವುದು ಅದರ ಜಿಡ್ಡಲ್ಲ, ಘರ್ಷಣೆಯನ್ನು ಹದದಲ್ಲಿಡಲು ಬೆರೆಸಿದ ರಾಸಾಯನಿಕಗಳು. ಆಯಿಲ್‌ನಲ್ಲಿ ಕೆಲಸ ಮಾಡುವ ಕ್ಲಚ್‌ಗೆ ಬೇಕಾದದ್ದು ಜಾರುವ ವೇಗ ಕಡಿಮೆಯಾಗುತ್ತ ಬಂದಂತೆ ಹಿಡಿತವೂ ಸ್ವಲ್ಪ ಕಡಿಮೆಯಾಗುವ ಸ್ವಭಾವ. ಆ ರಾಸಾಯನಿಕಗಳು ಸವೆದಾಗ ಇದು ತಲೆಕೆಳಗಾಗಿ, ನಿಧಾನವಾದಂತೆ ಹಿಡಿತ ಹೆಚ್ಚುತ್ತದೆ. ಕ್ಲಚ್ ಹಿಡಿದು, ಬಿಟ್ಟು, ಮತ್ತೆ ಹಿಡಿಯುತ್ತದೆ. ಸೀಟಿನಲ್ಲಿ ಕುಳಿತವರಿಗೆ ಅದು ನಡುಕವಾಗಿ ತಿಳಿಯುತ್ತದೆ. ಮೌಂಟುಗಳು ಸರಿಯಿವೆಯೆಂದು ಗೊತ್ತಾದರೆ ನಾನು ಅನುಮಾನಿಸುವುದು ಇದನ್ನೇ. ಎಲ್ಲ ಗೇರ್‌ಬಾಕ್ಸಿಗೂ ಒಂದೇ ಆಯಿಲ್ ಸಲ್ಲದು ಎನ್ನುವುದಕ್ಕೂ ಇದೇ ಕಾರಣ: ಕ್ಲಚ್ ಪದರದ ವಸ್ತುವಿಗೂ ಆಯಿಲ್ಲಿನ ಬೆರಕೆಗೂ ಜೋಡಿ ಕೂಡಿಸಿಯೇ ಗೇರ್‌ಬಾಕ್ಸ್ ರೂಪಿಸಿರುತ್ತಾರೆ.

ಆಯಿಲ್ಲಿನ ಆಯ್ಕೆ ಎಷ್ಟು ಸೂಕ್ಷ್ಮವೆಂಬುದಕ್ಕೆ ಎಲ್ಲರಿಗೂ ತಿಳಿದ ಉದಾಹರಣೆಯೊಂದಿದೆ. 2013ರ ನವೆಂಬರಿನಲ್ಲಿ ಫೋಕ್ಸ್‌ವ್ಯಾಗನ್ ಏಳು ಗೇರಿನ ಡಿಎಸ್‌ಜಿಯ ಸುಮಾರು 16 ಲಕ್ಷ ಕಾರುಗಳನ್ನು ಜಗತ್ತಿನಾದ್ಯಂತ ಹಿಂದಕ್ಕೆ ಕರೆಸಿ, ಸಿಂಥೆಟಿಕ್ ಗೇರ್ ಆಯಿಲ್ ತೆಗೆದು ಮಿನರಲ್ ಆಯಿಲ್ ತುಂಬಿತು. ಬಿಸಿ ಮತ್ತು ತೇವದ ಹವೆಯಲ್ಲಿ, ನಿಂತು ನಿಂತು ಓಡುವ ದಟ್ಟಣೆಯಲ್ಲಿ, ಮೊದಲಿನ ಆಯಿಲ್ಲಿನಿಂದ ಗೇರ್‌ಬಾಕ್ಸಿನ ವಿದ್ಯುತ್ ಸರಬರಾಜಿನಲ್ಲಿ ದೋಷ ಬರಬಹುದೆಂಬುದೇ ಕಾರಣ. ಸಿಂಥೆಟಿಕ್ ಎಂದರೆ ಯಾವಾಗಲೂ ಮೇಲು ಎಂಬ ನಂಬಿಕೆಯನ್ನು ಆ ಪ್ರಕರಣ ಅಲುಗಿಸಬೇಕಿತ್ತು.

ಆರ್‌ಎಸ್ ಅವರ ನ್ಯೂಟ್ರಲ್ ಅಭ್ಯಾಸವನ್ನು ಮಾತ್ರ ನಾನು ಒಪ್ಪಲಾರೆ. ಬ್ರೇಕನ್ನು ಗಟ್ಟಿಯಾಗಿ ಒತ್ತಿ ನಿಂತಾಗ ನಿಯಂತ್ರಣ ಘಟಕವೇ ಕ್ಲಚ್ಚನ್ನು ಬಿಡಿಸಿರುತ್ತದೆ. ನ್ಯೂಟ್ರಲ್‌ಗೆ ಹಾಕಿದ್ದರಿಂದ ಹೆಚ್ಚಿನ ವಿಶ್ರಾಂತಿಯೇನೂ ಸಿಗುವುದಿಲ್ಲ. ದೀರ್ಘಕಾಲ ನಿಲ್ಲುವ ಸಿಗ್ನಲ್ಲಾದರೆ ಹಾಕಿಕೊಳ್ಳಲಿ, ಕಾಲಿಗೆ ಸುಖ. ನಿಜವಾದ ಹಾನಿ ಇರುವುದು ಬ್ರೇಕನ್ನು ಅರೆಬರೆ ಒತ್ತಿಕೊಂಡು ಇಂಚಿಂಚು ಸರಿಯುವುದರಲ್ಲಿ, ಮತ್ತು ಏರಿನಲ್ಲಿ ಬ್ರೇಕ್ ಬದಲು ಆಕ್ಸಿಲರೇಟರಿನಿಂದ ಕಾರನ್ನು ನಿಲ್ಲಿಸಿಕೊಳ್ಳುವುದರಲ್ಲಿ. ಮುಂದಿನ ಕಾರಿಗೂ ನಿಮಗೂ ನಡುವೆ ಅಂತರ ಬೆಳೆಯಲು ಬಿಟ್ಟು, ಮ್ಯಾನ್ಯುಯಲ್ ಸ್ಥಿತಿಯಲ್ಲಿ ಒಂದನೆಯ ಗೇರನ್ನೇ ಹಿಡಿದು, ಕ್ಲಚ್ ಪೂರ್ತಿ ಕೂಡುವಷ್ಟು ವೇಗದಲ್ಲಿ ಹೋಗಿ, ಮತ್ತೆ ಪೂರ್ತಿ ನಿಲ್ಲಿಸಿ. ಆ ಅಂತರದಲ್ಲಿ ಆಟೋದವರು ನುಗ್ಗುತ್ತಾರೆಂಬುದು ನಿಜ, ನುಗ್ಗಲಿ, ಬಿಡಿ.

ಪಿಡಿಕೆಯ ಮೂಲವೇ ರೇಸ್. 1986ರಲ್ಲಿ ಇಟಲಿಯ ಮೊನ್ಜಾದಲ್ಲಿ ಪಿಡಿಕೆ ಇದ್ದ ಪೋರ್ಷೆ 962ರಲ್ಲಿ ಹಾನ್ಸ್ ಯೋಆಖಿಮ್ ಶ್ಟುಕ್ ಮತ್ತು ಡೆರೆಕ್ ಬೆಲ್ ಗೆದ್ದಿದ್ದರು. ಮಾರಾಟದ ಕಾರಿಗೆ, ಅಂದರೆ 911ಕ್ಕೆ, ಅದು ಬಂದದ್ದು 2008ರಲ್ಲಿ. ರೇಸಿನ ಕಾರು ಯಾವ ಜಂಕ್ಷನ್ನಿನಲ್ಲೂ ತೆವಳಬೇಕಾಗಿಲ್ಲ. ನಮ್ಮ ರಸ್ತೆಯ ಕಾರು ತೆವಳುತ್ತಲೇ ಬಾಳಬೇಕು. ಆಯಿಲ್ಲಿನ ಅವಧಿಯನ್ನು ಈ ದೃಷ್ಟಿಯಿಂದ ನೋಡುವುದು ಸರಿ.

ಜಯನಗರ_ಬಾಕ್ಸ್‌ಸ್ಟರ್

ನಿಮ್ಮ ಕಾರಿನ ಒಡಹುಟ್ಟಾದ ಬಾಕ್ಸ್‌ಸ್ಟರ್ ನನ್ನ ಬಳಿಯಿದೆ. ಎಲ್ಲರೂ ಆಯಿಲ್ಲಿನ ಬಗ್ಗೆ ಬರೆದಿರುವುದರಿಂದ ನಾನು ಅದನ್ನು ತಂಪಾಗಿಡುವ ವ್ಯವಸ್ಥೆಯ ಬಗ್ಗೆ ಮಾತ್ರ ಹೇಳುತ್ತೇನೆ.

ಪಿಡಿಕೆಯ ಆಯಿಲ್ ತನ್ನ ಶಾಖವನ್ನು ಶಾಖ ಬದಲಾವಣೆಯ ಘಟಕವೊಂದರಲ್ಲಿ ಎಂಜಿನ್ ಕೂಲಂಟಿಗೆ ಕೊಡುತ್ತದೆ, ಕೂಲಂಟ್ ಅದನ್ನು ಮುಂದಿನ ಬಂಪರಿನ ಎರಡು ಮೂಲೆಗಳಲ್ಲಿರುವ ರೇಡಿಯೇಟರ್‌ಗಳಿಗೆ ಒಯ್ಯುತ್ತದೆ. ಆ ಮೂಲೆಗಳಲ್ಲಿರುವ ಗಾಳಿಯ ದಾರಿಗಳು ಎಲೆಗಳನ್ನು ಹಿಡಿದಿಟ್ಟುಕೊಳ್ಳುವುದಕ್ಕೇ ಮಾಡಿದಂತಿವೆ. ಜಯನಗರ, ಬಸವನಗುಡಿಯಂಥ ಮರಗಳ ಸಾಲಿನ ಬೀದಿಗಳಲ್ಲಿ ನಿಲ್ಲುವ ಕಾರಿಗೆ ಹೊಂಗೆಯ ಹೂವು, ಆಕಾಶಮಲ್ಲಿಗೆಯ ಎಸಳು, ಮಳೆಮರದ ಸಣ್ಣ ಎಲೆಗಳು, ಮೆಟ್ರೊ ಕಾಮಗಾರಿಯ ಧೂಳು ಎಲ್ಲ ಸೇರಿ, ರೇಡಿಯೇಟರಿನ ಮುಂದೆ ಒದ್ದೆ ಪದರವಾಗಿ ಕೂತು ಒಣಗುತ್ತವೆ. ಹೊರಗಿನಿಂದ ಬಗ್ಗಿ ನೋಡಿದರೆ ಕೆಳಗಿನ ಭಾಗ ಕಾಣಿಸುವುದಿಲ್ಲ. ಬಂಪರನ್ನು ಇಳಿಸಿಯೇ ತೆಗೆಯಬೇಕು. ನನ್ನ ಕಾರಿನಲ್ಲಿ ಅದನ್ನು ತೆಗೆಸಿದ ಮೇಲೆ ದಟ್ಟಣೆಯಲ್ಲಿ ಫ್ಯಾನುಗಳು ಓಡುವ ಹೊತ್ತು ಗಮನಕ್ಕೆ ಬರುವಷ್ಟು ಕಡಿಮೆಯಾಯಿತು. ಮೆತ್ತನೆಯ ಬ್ರಷ್ ಮತ್ತು ಕಡಿಮೆ ಒತ್ತಡದ ಗಾಳಿಯನ್ನೇ ಬಳಸಬೇಕು. ವಾಟರ್ ವಾಷಿನ ಬಿರುಸಾದ ನೀರು ಅಲ್ಯುಮಿನಿಯಮ್ ರೆಕ್ಕೆಗಳನ್ನು ಮಡಚಿಬಿಡುತ್ತದೆ. ಅದೇ ಸಂದರ್ಭದಲ್ಲಿ ಅವುಗಳ ಮುಂದಿರುವ ಎಸಿ ಕಂಡೆನ್ಸರುಗಳ ತುಕ್ಕನ್ನೂ ನೋಡಿಸಿ. ವರ್ಷಕ್ಕೊಮ್ಮೆ, ಮಾರ್ಚ್ ಏಪ್ರಿಲ್‌ನ ಎಲೆ ಉದುರುವ ಕಾಲ ಮುಗಿದ ಮೇಲೆ ಮಾಡಿಸಿದರೆ ಸಾಕು.

ಬಸವನಗುಡಿ_981

ಇಷ್ಟು ಕಾಳಜಿಯಿಂದ ಬರೆದ ನಿಮಗೆಲ್ಲರಿಗೂ ನಾನು ಋಣಿ. ಮೌಂಟು, ಬ್ಯಾಟರಿ, ಸ್ಕ್ಯಾನ್, ಆಮೇಲೆ ಎರಡೂ ಆಯಿಲ್, ಜೊತೆಗೆ ರೇಡಿಯೇಟರ್ ಎಂಬ ಕ್ರಮದಲ್ಲಿಯೇ ಮುಂದುವರಿಯುತ್ತೇನೆ.

ಒಂದು ಸಂಗತಿಯನ್ನು ಮೊದಲ ಬರಹದಲ್ಲಿ ಸೇರಿಸಿರಲಿಲ್ಲ. ಹಿಂದಿನ ಮಾಲೀಕರ ಮನೆ ಸರ್ಜಾಪುರ ರಸ್ತೆಯ ಕಡೆ ಇತ್ತು. 2022ರ ಸೆಪ್ಟೆಂಬರಿನ ಮಳೆಗೆ ಆ ಭಾಗದ ಬಡಾವಣೆಗಳು ಮುಳುಗಿದಾಗ ಈ ಕಾರು ಬೇರೆ ಕಡೆ ಇತ್ತೆಂದು ಅವರು ಹೇಳಿದ್ದಾರೆ. ಅನುಮಾನಿಸಲು ನನಗೆ ಕಾರಣವಿಲ್ಲ, ಕಾರ್ಪೆಟ್ಟಿನ ಕೆಳಗೂ ಕೆಸರಿನ ಗುರುತಿಲ್ಲ. ಆದರೂ ಗೇರ್‌ಬಾಕ್ಸಿನ ಒಳಗೆ ನೀರು ಹೋಗಿದ್ದರೆ ಅದನ್ನು ಕಂಡುಹಿಡಿಯುವ ಬಗೆ ಯಾವುದು? ಹಾಗೆ ಹೋಗಿದ್ದರೆ ಆಯಿಲ್ ಬದಲಿಸಿದ ಮಾತ್ರಕ್ಕೆ ಸರಿಹೋಗುತ್ತದೆಯೇ?

ಸ್ಪ್ಯಾನರ್_ಪೀಣ್ಯ

ಕೇಳಿದ್ದು ಒಳ್ಳೆಯದಾಯಿತು, ಏಕೆಂದರೆ ಆಯಿಲ್ ಇಳಿಸುವ ದಿನವೇ ಇದನ್ನು ನೋಡಿಕೊಳ್ಳಬೇಕು. ಇಳಿಸಿದ ಮೇಲೆ ಆ ಆಯಿಲ್ ಪೀಪಾಯಿ ಸೇರಿದರೆ ಸಾಕ್ಷ್ಯವೂ ಅದರೊಡನೆ ಹೋದಂತೆ.

ಗೇರ್‌ಬಾಕ್ಸ್ ಬಿಸಿಯಾದಾಗ ಹಿಗ್ಗುವ ಗಾಳಿ ಹೊರಹೋಗಲು ಮೇಲ್ಭಾಗದಲ್ಲಿ ಒಂದು ಉಸಿರುಕಿಂಡಿ ಇರುತ್ತದೆ. ಬಿಸಿಯಾದ ಗೇರ್‌ಬಾಕ್ಸ್ ಏಕಾಏಕಿ ತಣ್ಣೀರಿನಲ್ಲಿ ಮುಳುಗಿದರೆ ಒಳಗಿನ ಗಾಳಿ ಕುಗ್ಗಿ, ಆ ಕಿಂಡಿಯಿಂದಲೇ ನೀರನ್ನು ಎಳೆದುಕೊಳ್ಳುತ್ತದೆ. ಹೆಚ್ಚು ನೀರು ಸೇರಿದ್ದರೆ ಆಯಿಲ್ ಹಾಲು ಬೆರೆಸಿದ ಬಣ್ಣಕ್ಕೆ ತಿರುಗಿರುತ್ತದೆ, ಕಣ್ಣಿಗೇ ಕಾಣುತ್ತದೆ. ಸ್ವಲ್ಪವೇ ಇದ್ದರೆ ಕಾಣುವುದಿಲ್ಲ. ಅದಕ್ಕೆ ಪ್ರಯೋಗಾಲಯದ ಪರೀಕ್ಷೆಯೇ ಬೇಕು. ಅಲ್ಲಿ ನೀರಿನ ಅಂಶದೊಡನೆ, ಕೂಲಂಟಿನಲ್ಲಿರುವ ಗ್ಲೈಕಾಲ್ ಎಂಬ ರಾಸಾಯನಿಕವನ್ನೂ ನೋಡಿರೆಂದು ಕೇಳಿ. ಗ್ಲೈಕಾಲ್ ಸಿಕ್ಕರೆ ಅದು ಮಳೆಯ ನೀರಲ್ಲ, ಜಯನಗರದವರು ಹೇಳಿದ ಶಾಖ ಬದಲಾವಣೆಯ ಘಟಕದಲ್ಲಿ ಸೋರಿಕೆಯಾಗಿ ಬಂದ ಕೂಲಂಟ್. ಆಗ ಆ ಘಟಕವನ್ನು ಬದಲಿಸದೆ ಹೊಸ ಆಯಿಲ್ ತುಂಬಿದರೆ ಹಣವನ್ನು ಚರಂಡಿಗೆ ಸುರಿದ ಹಾಗೆ. ಕಬ್ಬಿಣ, ತಾಮ್ರದ ಪ್ರಮಾಣಗಳೂ ಅದೇ ವರದಿಯಲ್ಲಿ ಸಿಗುತ್ತವೆ. ಗೇರುಗಳ, ಬೇರಿಂಗುಗಳ ಸವೆತದ ಅಂದಾಜು ಅದರಿಂದ ಆಗುತ್ತದೆ.

ನೀರು ಸೇರಿದ್ದೇ ನಿಜವಾದರೆ ಆಯಿಲ್ ಬದಲಿಸುವುದು ಮೊದಲ ಹೆಜ್ಜೆ ಮಾತ್ರ. ಕ್ಲಚ್ ತಟ್ಟೆಗಳ ಮೇಲಿನ ಘರ್ಷಣೆಯ ಪದರ ಕಾಗದದ ಜಾತಿಯ ವಸ್ತು, ಅದನ್ನು ಉಕ್ಕಿನ ತಟ್ಟೆಗೆ ಅಂಟಿನಿಂದ ಕೂರಿಸಿರುತ್ತಾರೆ. ಬಿಸಿಯಾದ ತೇವ ಆ ಪದರವನ್ನೂ ಅಂಟನ್ನೂ ಸಡಿಲಿಸುತ್ತದೆ. ಹೊಸ ಆಯಿಲ್ ತುಂಬಿ, ಸ್ವಲ್ಪ ಓಡಿಸಿ, ಮತ್ತೆ ಇಳಿಸಿ ತುಂಬಿ, ಕ್ಲಚ್ ಹೊಂದಾಣಿಕೆಯ ಅಂಕಿಗಳು ಸ್ಥಿರವಾಗಿ ನಿಲ್ಲುತ್ತವೆಯೇ ನೋಡಬೇಕು. ನಿಲ್ಲದಿದ್ದರೆ ಕ್ಲಚ್ ಜೋಡಿಯನ್ನೇ ಬದಲಿಸುವ ಮಾತು ಬರುತ್ತದೆ. ನಿಮ್ಮ ಕಾರು ಹೆದ್ದಾರಿಯಲ್ಲಿ ಅಷ್ಟು ಮೃದುವಾಗಿ ಗೇರ್ ಬದಲಿಸುತ್ತಿದೆಯೆಂದರೆ ಅಷ್ಟು ದೂರ ಹೋಗಲಾರದೆಂದು ನನ್ನ ನಂಬಿಕೆ.

ಹೀಗೆ ಮಾಡಿ. ಗ್ಯಾರೇಜಿಗೆ ಹೋಗುವಾಗ ಒಣಗಿದ, ಸ್ವಚ್ಛವಾದ ಎರಡು ಸೀಸೆಗಳನ್ನು ಕೊಂಡೊಯ್ಯಿರಿ. ಕಾರು ಸ್ವಲ್ಪ ಓಡಿ ಆಯಿಲ್ ಕಲಕಿರುವಾಗಲೇ ಇಳಿಸಲು ಹೇಳಿ. ಮೊದಲ ಧಾರೆಯನ್ನು ಬಿಟ್ಟು, ನಡುವಿನ ಧಾರೆಯಲ್ಲಿ ಕ್ಲಚ್ ಆಯಿಲ್ ಒಂದಕ್ಕೆ, ಗೇರ್ ಆಯಿಲ್ ಇನ್ನೊಂದಕ್ಕೆ ಹಿಡಿಯಿರಿ. ಮೇಲೆ ದಿನಾಂಕ, ಮೀಟರಿನ ಓದು, ಯಾವ ಆಯಿಲ್ ಎಂದು ಬರೆದು ಕೂಡಲೇ ಮುಚ್ಚಿ. ಉಳಿದದ್ದನ್ನು ಗ್ಯಾರೇಜಿನವರು ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವ ಮರುಬಳಕೆದಾರರಿಗೇ ಕೊಡುತ್ತಾರೆಂದು ಖಚಿತಪಡಿಸಿಕೊಳ್ಳಿ. ಪರೀಕ್ಷೆಯ ವರದಿ ಬಂದಾಗ ಅಂಕಿಗಳನ್ನು ಇಲ್ಲಿ ಹಾಕಿದರೆ, ಸ್ನಿಗ್ಧತೆ ಅವರೂ ನಾನೂ ಓದಿ ಹೇಳುತ್ತೇವೆ.